ಹೊಂಗೆ ಬೀಜ, ಹೊಂಗೆ ಎಣ್ಣೆ, ಬಯೋಡೀಸೆಲ್: ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ಪಾಠ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನಾವು ಯಾವ ಸಂಘದ ಸಭೆಗೆ ಹೋದರೂ ಡೀಸೆಲ್ ಮಾತು ಬಂದೇ ಬರುತ್ತದೆ. ಉಳುಮೆಗೆ ಟ್ರ್ಯಾಕ್ಟರ್ ಬೇಕು, ಟೊಮೇಟೊ ಮಂಡಿಗೆ ಸಾಗಿಸಲು ಟೆಂಪೋ ಬೇಕು, ಶ್ರೀನಿವಾಸಪುರದ ಕಡೆ ಮಾವಿನಕಾಯಿ ಕಾಲಕ್ಕೆ ಲಗೇಜ್ ಗಾಡಿ ಬೇಕು. ಡೀಸೆಲ್ ರೇಟು ಏರಿದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಕೈಗೆ ಬರುವ ದುಡ್ಡು ಇಳಿಯುತ್ತದೆ. ಇದು ನಿಮಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಇಂಥ ಒಂದು ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದರು: "ಮೇಡಂ, ನಮ್ಮೂರ ಕೆರೆ ಕಟ್ಟೆ ಮೇಲೆ ಸಾಲಾಗಿ ಹೊಂಗೆ ಮರ ಇದಾವೆ. ಹೊಂಗೆ ಎಣ್ಣೆಯಿಂದ ಟ್ರ್ಯಾಕ್ಟರ್ ಓಡುತ್ತಂತೆ. ಸಂಘದಿಂದ ಸಾಲ ತಗೊಂಡು ಒಂದು ಮಷೀನು ಹಾಕಿಬಿಟ್ರೆ ಆಗಲ್ವಾ?"

ಒಳ್ಳೆಯ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಈ ಪಾಠ. ನಿಧಾನವಾಗಿ ಓದಿ. ಓದು ಬಾರದ ಸದಸ್ಯೆಯರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ಸಭೆಯಲ್ಲಿ ಚರ್ಚಿಸಿ.

1. ಹೊಂಗೆ ನಮಗೆ ಹೊಸದಲ್ಲ

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಕೆರೆ ನಂಬಿ, ಆಮೇಲೆ ಬೋರ್‌ವೆಲ್ ನಂಬಿ ಬದುಕಿದವರು ನಾವು. ಇಂಥ ನೆಲದಲ್ಲೂ ನೀರು ಹಾಕದೆ, ಗೊಬ್ಬರ ಹಾಕದೆ ಬೆಳೆಯುವ ಮರ ಹೊಂಗೆ. ಮನೆಯಲ್ಲಿ ತೆಲುಗು ಮಾತಾಡುವವರು ಇದನ್ನೇ ಕಾನುಗ ಎನ್ನುತ್ತಾರೆ. ಕೆರೆ ಕಟ್ಟೆ, ಹೊಲದ ಬದು, ರಸ್ತೆ ಬದಿ, ಗುಂಡುತೋಪು, ಎಲ್ಲಿ ನೋಡಿದರೂ ಇದೆ. ಬೇಸಿಗೆಯಲ್ಲಿ ಬೇರೆ ಮರ ಬೋಳಾಗಿ ನಿಂತಾಗ ಯುಗಾದಿ ಹೊತ್ತಿಗೆ ಹೊಂಗೆ ಹೊಸ ಚಿಗುರು ಬಿಟ್ಟು ತಣ್ಣಗೆ ನೆರಳು ಕೊಡುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಸೀಮೆಎಣ್ಣೆ ಸಿಗದಿದ್ದಾಗ ಹೊಂಗೆ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು. ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡುತ್ತಿದ್ದರು. ಹಿಂಡಿಯನ್ನು ತೋಟಕ್ಕೆ ಹಾಕುತ್ತಿದ್ದರು. ದೀಪ ಉರಿಸಿದ ಎಣ್ಣೆ ಎಂಜಿನ್ ಓಡಿಸಬಲ್ಲದು ಎಂದರೆ ಆಶ್ಚರ್ಯವೇನಿಲ್ಲ. ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರ ಕಾಲದಲ್ಲೇ, 1900ರಲ್ಲಿ, ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಆಮೇಲೆ ನೆಲದಡಿಯ ಎಣ್ಣೆ ಅಗ್ಗವಾಗಿ ಸಿಕ್ಕಿದ್ದರಿಂದ ಗಿಡದ ಎಣ್ಣೆಯನ್ನು ಎಲ್ಲರೂ ಮರೆತರು.

2. ಎಣ್ಣೆ ಬೇರೆ, ಬಯೋಡೀಸೆಲ್ ಬೇರೆ

ಈ ಪಾಠದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಣದಿಂದ ಬಂದ ಹೊಂಗೆ ಎಣ್ಣೆ ಬಯೋಡೀಸೆಲ್ ಅಲ್ಲ. ಹಾಲು ಬೇರೆ, ಮೊಸರು ಬೇರೆ ಇದ್ದ ಹಾಗೆ. ಹಾಲು ಮೊಸರಾಗಬೇಕಾದರೆ ನಡುವೆ ಒಂದು ಕೆಲಸ ಆಗಬೇಕು. ಎಣ್ಣೆ ಬಯೋಡೀಸೆಲ್ ಆಗಬೇಕಾದರೂ ಹಾಗೆಯೇ.

ವ್ಯತ್ಯಾಸ ಎಲ್ಲಿದೆ? ಮುಖ್ಯವಾಗಿ ಎಣ್ಣೆಯ ಮಂದದಲ್ಲಿ. ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಡೀಸೆಲ್ ಎಂಜಿನಿನೊಳಗೆ ನಾಜಲ್ ಎಂಬ ಸಣ್ಣ ಬಾಯಿ ಇರುತ್ತದೆ. ಅದು ಎಣ್ಣೆಯನ್ನು ಮಂಜಿನ ಹಾಗೆ ಸಿಂಪಡಿಸುತ್ತದೆ. ತೆಳ್ಳಗಿನ ಎಣ್ಣೆಯಾದರೆ ಮಂಜಾಗಿ ಪೂರ್ತಿ ಉರಿಯುತ್ತದೆ. ಮಂದ ಎಣ್ಣೆಯಾದರೆ ದಪ್ಪ ಹನಿಯಾಗಿ ಬಿದ್ದು ಅರ್ಧಂಬರ್ಧ ಉರಿಯುತ್ತದೆ. ಉಳಿದದ್ದು ಮಸಿಯಾಗಿ, ಅಂಟಾಗಿ ನಾಜಲ್‌ಗೆ, ಪಿಸ್ಟನ್ ರಿಂಗಿಗೆ ಮೆತ್ತಿಕೊಳ್ಳುತ್ತದೆ. ಕೆಳಗಿನ ಎಂಜಿನ್ ಆಯಿಲಿಗೂ ಸೇರಿ ಅದನ್ನು ಕೆಡಿಸುತ್ತದೆ. ಮೊದಲ ದಿನ ಗಾಡಿ ಚೆನ್ನಾಗಿಯೇ ಓಡುತ್ತದೆ. ಅಲ್ಲೇ ನಾವು ಮೋಸ ಹೋಗುವುದು.

ನಾವು ಕಂಡ ಒಂದು ಸಂಗತಿ ಹೇಳುತ್ತೇವೆ. ಒಂದು ಊರಿನಲ್ಲಿ ಸಂಘದ ಸದಸ್ಯೆಯೊಬ್ಬರ ಯಜಮಾನರು ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ನೇರವಾಗಿ ಪವರ್ ಟಿಲ್ಲರಿಗೆ ಹಾಕಿದರು. ಒಂದೆರಡು ವಾರ ಓಡಿತು. "ನೋಡಿ, ಡೀಸೆಲ್ ದುಡ್ಡು ಉಳೀತು" ಎಂದು ಊರೆಲ್ಲ ಹೇಳಿಕೊಂಡರು. ಮಾಗಿ ಚಳಿ ಬಂದ ಮೇಲೆ ಒಂದು ಬೆಳಿಗ್ಗೆ ಟಿಲ್ಲರ್ ಸ್ಟಾರ್ಟೇ ಆಗಲಿಲ್ಲ. ಎಣ್ಣೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಂಡಿತ್ತು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರೆ ನಾಜಲ್ ತುಂಬ ಮಸಿ. ಉಳಿಸಿದ ಡೀಸೆಲ್ ದುಡ್ಡಿಗಿಂತ ರಿಪೇರಿ ದುಡ್ಡು ಜಾಸ್ತಿಯಾಯಿತು. ಆ ದುಡ್ಡಿಗೆ ಆ ಅಕ್ಕ ಸಂಘದಲ್ಲೇ ಆಂತರಿಕ ಸಾಲ ತೆಗೆದರು. ಎಣ್ಣೆ ಹಾಕಿದ್ದು ಯಜಮಾನರು, ಕಂತು ಕಟ್ಟಿದ್ದು ಅಕ್ಕ. ಆದ್ದರಿಂದಲೇ ಈ ವಿಷಯ ಗಂಡಸರದ್ದು ಎಂದು ಬಿಡದೆ ನೀವೂ ತಿಳಿದುಕೊಳ್ಳಬೇಕು ಎನ್ನುವುದು.

3. ಬಯೋಡೀಸೆಲ್ ಹೇಗೆ ಆಗುತ್ತದೆ? ಮನೆಯಲ್ಲಿ ಯಾಕೆ ಬೇಡ?

ಎಣ್ಣೆಯನ್ನು ಸೋಸಿ, ನೀರಿನಂಶ ತೆಗೆದು, ಸುಮಾರು 60 ಡಿಗ್ರಿಗೆ ಕಾಯಿಸುತ್ತಾರೆ. ಮೆಥನಾಲ್ ಎಂಬ ಸ್ಪಿರಿಟ್‌ನಲ್ಲಿ ಕಾಸ್ಟಿಕ್ ಸೋಡ ಕರಗಿಸಿ ಅದಕ್ಕೆ ಬೆರೆಸಿ ಕದಡುತ್ತಾರೆ. ಆಮೇಲೆ ನಿಲ್ಲಲು ಬಿಟ್ಟರೆ ಎರಡು ಪದರವಾಗುತ್ತದೆ. ಕೆಳಗೆ ಗ್ಲಿಸರಿನ್, ಮೇಲೆ ತೆಳ್ಳಗಿನ ಬಯೋಡೀಸೆಲ್. ಮೇಲಿನದನ್ನು ಬೇರೆ ಮಾಡಿ, ನೀರಿನಲ್ಲಿ ತೊಳೆದು, ಒಣಗಿಸಿದರೆ ಬಳಕೆಗೆ ತಯಾರು. ಈಗ ಅದರ ಮಂದ ಡೀಸೆಲ್‌ಗೆ ಹತ್ತಿರ ಬಂದಿರುತ್ತದೆ.

ಕೇಳಲು ಸುಲಭ. ಆದರೆ ಮೆಥನಾಲ್ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಆವಿ ಕುಡಿದರೂ, ಚರ್ಮಕ್ಕೆ ಹತ್ತಿದರೂ ಅಪಾಯ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ಆ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ ಮೆಥನಾಲ್. ಮನೆಯಲ್ಲಿ ಕುಡಿಯುವವರು ಇದ್ದರೆ, ಸ್ಪಿರಿಟ್ ಕ್ಯಾನು ಮನೆಯಲ್ಲಿ ಇದ್ದರೆ, ಏನಾಗಬಹುದು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅದಲ್ಲದೆ ಮೆಥನಾಲ್‌ಗೆ ಬೆಂಕಿ ಹತ್ತಿದರೆ ಹಗಲಿನಲ್ಲಿ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕಾಸ್ಟಿಕ್ ಸೋಡ ಕಣ್ಣಿಗೆ, ಕೈಗೆ ಬಿದ್ದರೆ ಸುಡುತ್ತದೆ.

ಆದ್ದರಿಂದ ನಮ್ಮ ಮಾತು ಸ್ಪಷ್ಟ: ಬಯೋಡೀಸೆಲನ್ನು ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಸಂಘದ ಕೋಣೆಯಲ್ಲಿ ಮಾಡಲು ಹೋಗಬೇಡಿ. ಅದು ತರಬೇತಿ ಪಡೆದವರು, ಸರಿಯಾದ ಘಟಕದಲ್ಲಿ, ಅನುಮತಿಯೊಂದಿಗೆ ಮಾಡುವ ಕೆಲಸ.

4. ಯಾವ ಗಾಡಿಗೆ ಎಷ್ಟು?

ಬಯೋಡೀಸೆಲನ್ನು ಸಾಮಾನ್ಯವಾಗಿ ಡೀಸೆಲ್ ಜೊತೆ ಬೆರೆಸಿ ಬಳಸುತ್ತಾರೆ. ಬಿ-5 ಎಂದರೆ 100 ಲೀಟರಿನಲ್ಲಿ 5 ಲೀಟರ್ ಬಯೋಡೀಸೆಲ್, 95 ಲೀಟರ್ ಡೀಸೆಲ್. ಬಿ-20 ಎಂದರೆ 20 ಲೀಟರ್ ಬಯೋಡೀಸೆಲ್, 80 ಲೀಟರ್ ಡೀಸೆಲ್. ಬಿ-100 ಎಂದರೆ ಪೂರ್ತಿ ಬಯೋಡೀಸೆಲ್.

ಒಳ್ಳೆಯ ಗುಣಗಳು ಇವೆ. ಹೊಗೆ ಕಡಿಮೆ. ಗಂಧಕ ಇಲ್ಲವೆಂದೇ ಹೇಳಬಹುದು. ಪಂಪಿನ ಭಾಗಗಳಿಗೆ ಜಿಡ್ಡು ಚೆನ್ನಾಗಿ ಸಿಗುತ್ತದೆ, ಸವೆತ ಕಡಿಮೆ. ಡೀಸೆಲಿನಷ್ಟು ಬೇಗ ಬೆಂಕಿ ಹತ್ತಿಕೊಳ್ಳುವುದಿಲ್ಲ.

ತೊಂದರೆಗಳೂ ಇವೆ. ಪೂರ್ತಿ ಬಯೋಡೀಸೆಲ್ ಹಾಕಿದರೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಏಕೆಂದರೆ ಅದರ ಶಕ್ತಿ ಡೀಸೆಲ್‌ಗಿಂತ ನೂರಕ್ಕೆ ಎಂಟು ಹತ್ತು ಪಾಲು ಕಡಿಮೆ. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಅದು ಎಬ್ಬಿಸುತ್ತದೆ. ಆದ್ದರಿಂದ ಮೊದಮೊದಲು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರ್ ಉಬ್ಬಿ ಸೋರಬಹುದು. ನೀರು ಸೇರಿದರೆ ಕೆಡುತ್ತದೆ. ತುಂಬ ದಿನ ಇಟ್ಟರೂ ಕೆಡುತ್ತದೆ. ಆರು ತಿಂಗಳೊಳಗೆ ಬಳಸಿಬಿಡಬೇಕು.

ಹಾಗಾದರೆ ಯಾವುದಕ್ಕೆ ಎಷ್ಟು ಹಾಕಬಹುದು?

ಹೊಸ ಗಾಡಿಗಳು: 2020ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸ್ಟೇಜ್-6 ಡೀಸೆಲ್ ಗಾಡಿಗಳ ಪಂಪು, ನಾಜಲ್, ಹೊಗೆ ಸೋಸುವ ಭಾಗ ಎಲ್ಲ ಬಹಳ ಸೂಕ್ಷ್ಮ, ಬಹಳ ದುಬಾರಿ. ಬಂಕಿನ ಡೀಸೆಲಿನಲ್ಲೇ ನೂರಕ್ಕೆ 7ರವರೆಗೆ ಬಯೋಡೀಸೆಲ್ ಇರಲು ನಮ್ಮ ದೇಶದ ಗುಣಮಟ್ಟದಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚು ನೀವಾಗಿ ಬೆರೆಸಬೇಡಿ. ಹಸಿ ಎಣ್ಣೆಯಂತೂ ಒಂದು ತೊಟ್ಟೂ ಬೇಡ. ವಾರಂಟಿ ಹೋಗುತ್ತದೆ.

ಹಳೆಯ ಟ್ರ್ಯಾಕ್ಟರ್, ಟಿಲ್ಲರ್, ಟೆಂಪೋ: ಗುಣಮಟ್ಟ ಪರೀಕ್ಷೆಯಾದ ಬಯೋಡೀಸೆಲ್ ಆದರೆ ನೂರಕ್ಕೆ 20ರವರೆಗೆ ಬೆರೆಸಿ ಓಡಿಸಿದ ಅನುಭವ ದೇಶ ವಿದೇಶಗಳಲ್ಲಿ ಇದೆ. ಆದರೂ ಮೊದಲು ಗಾಡಿ ಜೊತೆ ಕೊಟ್ಟ ಪುಸ್ತಕ ನೋಡಿ, ಕಂಪನಿಯ ಮೆಕ್ಯಾನಿಕನ್ನು ಕೇಳಿ. ಮೊದಲ ಎರಡು ತಿಂಗಳಲ್ಲಿ ಫಿಲ್ಟರನ್ನು ಬೇಗ ಬೇಗ ನೋಡಿಸಿ.

ಒಂದೇ ಕಡೆ ನಿಂತು ಓಡುವ ನಿಧಾನದ ಹಳೆಯ ಎಂಜಿನ್‌ಗಳು (ನೀರೆತ್ತುವ ಎಂಜಿನ್, ಜನರೇಟರ್): ಇವು ಗಟ್ಟಿ. ಚೆನ್ನಾಗಿ ಸೋಸಿದ ಹೊಂಗೆ ಎಣ್ಣೆಯನ್ನು ಇವುಗಳಲ್ಲಿ ಉಪಯೋಗಿಸಿದವರು ಇದ್ದಾರೆ. ಡೀಸೆಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲಿಗೆ ತರಬೇಕು. ತಿಳಿದ ಮೆಕ್ಯಾನಿಕ್ ಜೊತೆಗಿಲ್ಲದೆ ಇದನ್ನೂ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ರಸ್ತೆ ಬದಿ ಡ್ರಮ್ ಇಟ್ಟು "ಬಯೋಡೀಸೆಲ್, ಬಂಕಿಗಿಂತ ಕಡಿಮೆ ರೇಟು" ಎಂದು ಮಾರುವವರನ್ನು ನಂಬಬೇಡಿ. ಬೇರೆ ರಾಜ್ಯಗಳಲ್ಲಿ ಕಾರ್ಖಾನೆಯ ಬೇರೆ ಎಣ್ಣೆಗಳನ್ನು ಬಯೋಡೀಸೆಲ್ ಎಂದು ಮಾರಿ ಸಿಕ್ಕಿಬಿದ್ದವರಿದ್ದಾರೆ. ಬಯೋಡೀಸೆಲ್ ಮಾರಾಟಕ್ಕೆ ಕೇಂದ್ರ ಸರ್ಕಾರ 2019ರ ಏಪ್ರಿಲ್‌ನಲ್ಲಿ ನಿಯಮ ಮಾಡಿದೆ. ಅನುಮತಿ ಪತ್ರವನ್ನೂ ರಸೀದಿಯನ್ನೂ ಕೇಳುವ ಹಕ್ಕು ನಿಮಗಿದೆ.

5. ಹಿಂದೆ ಏನೇನು ಆಯಿತು?

ನಾವೇ ಮೊದಲಲ್ಲ. ನಮಗಿಂತ ಮುಂಚೆ ಮಾಡಿ ನೋಡಿದವರಿದ್ದಾರೆ. ಅವರಿಂದ ಕಲಿಯೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು 1990ರ ದಶಕದಲ್ಲಿ ಹೊಂಗೆ ಎಣ್ಣೆಯ ಕಡೆ ಗಮನ ಕೊಟ್ಟರು. ಹಳೇ ಮೈಸೂರು ಸೀಮೆಯ ಕಗ್ಗನಹಳ್ಳಿ ಎಂಬ ಒಣ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಬೋರ್‌ವೆಲ್ಲಿನ ನೀರೆತ್ತಿ ಬೆಳೆ ತೆಗೆದರು. ಹಳ್ಳಿಯ ಮರವೇ ಹಳ್ಳಿಯ ಕರೆಂಟು ಎಂಬುದನ್ನು ತೋರಿಸಿಕೊಟ್ಟರು.

2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲನ್ನು ನೂರಕ್ಕೆ 5 ಪಾಲು ಬಯೋಡೀಸೆಲ್ ಬೆರೆಸಿ ಓಡಿಸಿದರು. ನಮ್ಮ ಕೆ.ಎಸ್.ಆರ್.ಟಿ.ಸಿ. ಕೂಡ ತನ್ನ ಬಸ್ಸುಗಳಲ್ಲಿ ಬಯೋಡೀಸೆಲ್ ಬೆರೆಸಿ ಓಡಿಸಿ ನೋಡಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಜೈವಿಕ ಇಂಧನ ನೀತಿ ತಂದಿತು. ಬರಡು ಬಂಗಾರ, ಹಸಿರು ಹೊನ್ನು ಎಂಬ ಹೆಸರಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಗಿಡಗಳನ್ನು ನೆಡಿಸಿದರು. ಹಾಸನ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಜೈವಿಕ ಇಂಧನ ಉದ್ಯಾನ ಮಾಡಿ ರೈತರಿಗೆ ಸಸಿ, ತರಬೇತಿ ಕೊಟ್ಟರು.

ಇದೇ ಕಾಲದಲ್ಲಿ ಇನ್ನೊಂದು ಕತೆ ನಡೆಯಿತು. ಜತ್ರೋಫಾ, ಅಂದರೆ ಕಾಡುಹರಳು, ನೆಟ್ಟರೆ ಒಣ ನೆಲದಲ್ಲೂ ಬಂಗಾರ ಬೆಳೆಯುತ್ತದೆ ಎಂದು ದೇಶದ ತುಂಬ ಪ್ರಚಾರವಾಯಿತು. ಎಷ್ಟೋ ರೈತರು ನಂಬಿ ನೆಟ್ಟರು. ನೀರು, ಗೊಬ್ಬರ ಇಲ್ಲದ ಕಡೆ ಗಿಡ ಬದುಕಿತು, ಆದರೆ ಬೀಜ ಹೇಳಿದಷ್ಟು ಬಿಡಲಿಲ್ಲ. ಬಿಟ್ಟ ಬೀಜಕ್ಕೆ ಕೊಳ್ಳುವವರು ಸಿಗಲಿಲ್ಲ. ಕೊನೆಗೆ ಕಿತ್ತು ಹಾಕಿದವರೇ ಹೆಚ್ಚು. ಅದರ ಬೀಜ ವಿಷವೂ ಹೌದು. ಮಕ್ಕಳು ತಿಂದರೆ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. 2018ರ ರಾಷ್ಟ್ರೀಯ ನೀತಿ 2030ರ ಹೊತ್ತಿಗೆ ಡೀಸೆಲಿನಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್ ಇರಬೇಕು ಎಂದು ಗುರಿ ಇಟ್ಟಿದೆ. ಆ ಗುರಿ ಇನ್ನೂ ಬಹಳ ದೂರವಿದೆ. ಕಾರಣ ಒಂದೇ: ಬೀಜ ಸಾಲದು, ಎಣ್ಣೆ ಸಾಲದು.

ಈಗ ನಮ್ಮಂಥ ಹೆಂಗಸರ ಸಂಘದ ಕತೆ. ಆಗಿನ ಆಂಧ್ರಪ್ರದೇಶದ, ಈಗಿನ ತೆಲಂಗಾಣದ ಆದಿಲಾಬಾದ್ ಸೀಮೆಯಲ್ಲಿ ಪವರ್‌ಗೂಡ ಎಂಬ ಗೋಂಡ ಆದಿವಾಸಿಗಳ ಸಣ್ಣ ಊರು. ಅಲ್ಲಿನ ಸಂಘದ ಹೆಂಗಸರು ಹೊಂಗೆ ಗಿಡ ನೆಟ್ಟರು, ಬೀಜ ಕೂಡಿಸಿದರು, ಎಣ್ಣೆ ತೆಗೆಯುವ ಮಷೀನು ನಡೆಸಿದರು. ಡೀಸೆಲ್ ಬದಲು ಹೊಂಗೆ ಎಣ್ಣೆ ಉರಿದರೆ ಗಾಳಿ ಅಷ್ಟು ಕೆಡುವುದಿಲ್ಲ ಎಂಬ ಲೆಕ್ಕದಲ್ಲಿ 2003ರಲ್ಲಿ ವಿಶ್ವಬ್ಯಾಂಕ್ ಅವರಿಗೆ 147 ಟನ್ ಇಂಗಾಲದ ಬಾಬ್ತು 645 ಡಾಲರ್ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 30 ಸಾವಿರ ರೂಪಾಯಿ. ಆದಿವಾಸಿ ಹೆಂಗಸರು ವಿಶ್ವಬ್ಯಾಂಕಿನ ಜೊತೆ ವ್ಯವಹಾರ ಮಾಡಿದರು ಎಂದರೆ ನಮಗೂ ಹೆಮ್ಮೆ. ಆದರೆ ಒಂದು ಗಮನಿಸಿ. ಅವರ ಬೆನ್ನಿಗೆ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಸರ್ಕಾರದ ಗಿರಿಜನ ಅಭಿವೃದ್ಧಿ ಸಂಸ್ಥೆಯೂ ನಿಂತಿದ್ದವು. ಒಂಟಿ ಸಂಘ ಒಂಟಿಯಾಗಿ ಸಾಲ ಮಾಡಿ ಮಾಡಿದ ಕೆಲಸವಲ್ಲ ಅದು.

6. ಸಂಘದ ಲೆಕ್ಕ

ಈಗ ಆ ಅಕ್ಕ ಕೇಳಿದ ಪ್ರಶ್ನೆಗೆ ಬರೋಣ. ಸಾಲ ತೆಗೆದು ಮಷೀನು ಹಾಕಬಹುದೇ? ಕಾಗದ, ಪೆನ್ನು ತೆಗೆದುಕೊಳ್ಳಿ.

ನಿಮ್ಮ ಸಂಘದಲ್ಲಿ 15 ಜನ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದು ಕಾಲಕ್ಕೆ 40 ಕೆ.ಜಿ. ಬಿಡಿಸಿದ ಬೀಜ ಕೂಡಿಸಿದರು. 15 × 40 = 600 ಕೆ.ಜಿ. ಬೀಜ.

ನಾಲ್ಕು ಕೆ.ಜಿ. ಬೀಜಕ್ಕೆ ಸುಮಾರು ಒಂದು ಕೆ.ಜಿ. ಎಣ್ಣೆ. ಆದ್ದರಿಂದ 600 ಕೆ.ಜಿ.ಗೆ 150 ಕೆ.ಜಿ. ಎಣ್ಣೆ, ಅಂದರೆ ಸುಮಾರು 160 ಲೀಟರ್. ಉಳಿದದ್ದರಲ್ಲಿ ಒಂದಿಷ್ಟು ವೇಸ್ಟ್ ಹೋಗಿ 430 ಕೆ.ಜಿ.ಯಷ್ಟು ಹಿಂಡಿ.

ಟ್ರ್ಯಾಕ್ಟರ್ ಉಳುಮೆ ಮಾಡುವಾಗ ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಕುಡಿಯುತ್ತದೆ. 160 ಲೀಟರನ್ನೆಲ್ಲ ಬಯೋಡೀಸೆಲ್ ಮಾಡಿದರೂ ಒಂದು ಟ್ರ್ಯಾಕ್ಟರ್ 35 ಗಂಟೆ ಓಡಬಹುದು. ನಾಲ್ಕೈದು ದಿನದ ಕೆಲಸ. 15 ಜನ ಒಂದು ಕಾಲವೆಲ್ಲ ಬಗ್ಗಿ ಆರಿಸಿದ್ದು ಒಂದು ಟ್ರ್ಯಾಕ್ಟರಿಗೆ ನಾಲ್ಕೈದು ದಿನ!

ಮಷೀನಿನ ಕಡೆಯಿಂದ ನೋಡಿ. ಗಂಟೆಗೆ 50 ಕೆ.ಜಿ. ಬೀಜ ಅರೆಯುವ ಸಣ್ಣ ಮಷೀನು ಎಂದರೂ 600 ಕೆ.ಜಿ. ಮುಗಿಸಲು 12 ಗಂಟೆ. ಎರಡು ದಿನ. ಉಳಿದ 363 ದಿನ ಮಷೀನು ಸುಮ್ಮನೆ ಕೂತಿರುತ್ತದೆ. ಮಷೀನು ಸುಮ್ಮನೆ ಕೂರುತ್ತದೆ, ಬಡ್ಡಿ ಕೂರುವುದಿಲ್ಲ.

ಮಷೀನು, ಶೆಡ್ಡು, ಕರೆಂಟು ಸೇರಿ 3 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ನೂರಕ್ಕೆ 12ರ ಬಡ್ಡಿಯಾದರೆ ಮೊದಲ ವರ್ಷ 36 ಸಾವಿರ ರೂಪಾಯಿ. ಅದನ್ನು 160 ಲೀಟರಿಗೆ ಹಂಚಿದರೆ ಲೀಟರಿಗೆ 225 ರೂಪಾಯಿ ಬರೀ ಬಡ್ಡಿಯೇ ಆಯಿತು. ಅಸಲು ಬೇರೆ, ಕೂಲಿ ಬೇರೆ, ಕರೆಂಟು ಬೇರೆ. ಬಂಕಿನ ಡೀಸೆಲ್ ಎಷ್ಟಿದೆ ನೀವೇ ನೋಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಸಂಘಕ್ಕೆ ಒಂದು ಮಷೀನು ಎಂದರೆ ನಷ್ಟ ಖಂಡಿತ. ನೂರಾರು ಸಂಘಗಳ ಒಕ್ಕೂಟ ಸೇರಿ, ಟನ್ನುಗಟ್ಟಲೆ ಬೀಜ ಪ್ರತಿ ವರ್ಷ ಬರುತ್ತದೆ ಎಂದು ಎರಡು ಮೂರು ವರ್ಷ ಕೂಡಿಸಿ ತೋರಿಸಿದ ಮೇಲೆ ಮಷೀನಿನ ಮಾತು ಎತ್ತಬಹುದು. ಮೊದಲು ಬೀಜ, ಆಮೇಲೆ ಮಷೀನು.

7. ಹಾಗಾದರೆ ಸಂಘ ಈಗ ಏನು ಮಾಡಬಹುದು?

ಕೈಕಟ್ಟಿ ಕೂರಬೇಕಾಗಿಲ್ಲ. ಸಾಲವಿಲ್ಲದೆ ಮಾಡುವ ಕೆಲಸ ಬೇಕಾದಷ್ಟಿದೆ.

ಮರ ಎಣಿಸಿ. ನಿಮ್ಮ ಊರಿನಲ್ಲಿ ಕಾಯಿ ಬಿಡುವ ಹೊಂಗೆ ಮರ ಎಷ್ಟಿವೆ? ಕೆರೆ ಕಟ್ಟೆಯಲ್ಲಿ ಎಷ್ಟು, ಹೊಲದಲ್ಲಿ ಎಷ್ಟು? ಒಂದು ಪುಸ್ತಕದಲ್ಲಿ ಬರೆಯಿರಿ. ಸ್ವಂತ ಹೊಲದ ಮರವಾದರೆ ತೊಂದರೆಯಿಲ್ಲ. ಕೆರೆ, ರಸ್ತೆ, ತೋಪಿನ ಮರವಾದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಕೇಳಿ. ಹುಣಸೆ ಮರ ಹರಾಜು ಹಾಕುವ ಹಾಗೆ ಇದನ್ನೂ ಹಾಕುತ್ತಾರೋ, ಸಂಘಕ್ಕೆ ಬಿಟ್ಟುಕೊಡುತ್ತಾರೋ ತಿಳಿದುಕೊಳ್ಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಾಲಕ್ಕೆ ಸರಿಯಾಗಿ ಆರಿಸಿ. ಸಂಕ್ರಾಂತಿ ಕಳೆದ ಮೇಲೆ ಯುಗಾದಿ ದಾಟುವವರೆಗೆ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಆರಿಸಬೇಕು. ಕೊಂಬೆ ಕಡಿಯಬೇಡಿ, ಮುಂದಿನ ವರ್ಷದ ಕಾಯಿ ಅದರಲ್ಲೇ ಇರುವುದು. ಒಣ ಎಲೆಯಲ್ಲಿ ಹಾವು ಚೇಳು ಇರಬಹುದು, ಕೋಲಿನಿಂದ ಕೆದಕಿ ನೋಡಿ ಕೈ ಹಾಕಿ. ಮಕ್ಕಳನ್ನು ಶಾಲೆ ಬಿಡಿಸಿ ಈ ಕೆಲಸಕ್ಕೆ ಹಾಕಬೇಡಿ.

ಚೆನ್ನಾಗಿ ಒಣಗಿಸಿ. ಕಾಯಿಯನ್ನು ಬಿಸಿಲಿಗೆ ಹಾಕಿ, ಬಡಿದು, ಸಿಪ್ಪೆ ಬಿಡಿಸಿ, ಬೀಜವನ್ನು ಮತ್ತೆ ಒಣಗಿಸಿ. ಹಸಿ ಬೀಜವನ್ನು ಮೂಟೆ ಕಟ್ಟಿದರೆ ಬೂಷ್ಟು ಬರುತ್ತದೆ, ಎಣ್ಣೆಯಲ್ಲಿ ಹುಳಿ ಅಂಶ ಹೆಚ್ಚುತ್ತದೆ. ಅಂಥ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಹೋದರೆ ಸೋಪಿನ ನೊರೆಯಾಗುತ್ತದೆ. ಅದಕ್ಕೇ ವ್ಯಾಪಾರಿ ರೇಟು ಇಳಿಸುತ್ತಾನೆ. ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ.

ಒಟ್ಟಿಗೆ ಮಾರಿ. ಒಬ್ಬೊಬ್ಬರೇ ಐದು ಕೆ.ಜಿ., ಹತ್ತು ಕೆ.ಜಿ. ಅಂಗಡಿಗೆ ಹಾಕಿ ಉಪ್ಪು, ಸೋಪು ತರುವುದು ಬೇಡ. ಸಂಘದಲ್ಲಿ ತಕ್ಕಡಿ ಇಟ್ಟು, ಎಲ್ಲರ ಎದುರು ತೂಗಿ, ಹೆಸರಿನ ಮುಂದೆ ಬರೆದು, ಒಂದು ಗಾಡಿ ತುಂಬುವಷ್ಟು ಕೂಡಿಸಿ. ಎರಡು ಮೂರು ಕಡೆ ರೇಟು ಕೇಳಿ. ಒಂದೇ ತೂಕ, ಒಂದೇ ಬೆಲೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ.

ಮಾರುವುದೋ, ಗಾಣಕ್ಕೆ ಹಾಕಿಸುವುದೋ? ಎರಡೂ ಲೆಕ್ಕ ಹಾಕಿ. ಬೀಜವನ್ನೇ ಮಾರಿದರೆ: 600 ಕೆ.ಜಿ. × ಬೀಜದ ರೇಟು. ಹತ್ತಿರದ ಎಣ್ಣೆ ಮಿಲ್ಲಿನಲ್ಲಿ ಕೂಲಿ ಕೊಟ್ಟು ಅರೆಸಿದರೆ: 150 ಕೆ.ಜಿ. × ಎಣ್ಣೆ ರೇಟು, ಜೊತೆಗೆ 430 ಕೆ.ಜಿ. × ಹಿಂಡಿ ರೇಟು, ಅದರಲ್ಲಿ ಮಿಲ್ಲಿನ ಕೂಲಿ ಮತ್ತು ಗಾಡಿ ಬಾಡಿಗೆ ಕಳೆಯಿರಿ. ಯಾವುದು ಹೆಚ್ಚೋ ಅದನ್ನು ಮಾಡಿ. ರೇಟು ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ಪ್ರತಿ ವರ್ಷವೂ ಹೊಸದಾಗಿ ಲೆಕ್ಕ ಹಾಕಿ.

ಹಿಂಡಿಯನ್ನು ಬಿಡಬೇಡಿ. ನಮ್ಮ ಅನಿಸಿಕೆಯಲ್ಲಿ ನಮ್ಮ ಜಿಲ್ಲೆಯ ಹೆಂಗಸರಿಗೆ ಎಣ್ಣೆಗಿಂತ ಹಿಂಡಿಯೇ ಹೆಚ್ಚು ಉಪಯೋಗ. ಹೊಂಗೆ ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕ ಇದೆ. ಅಂದರೆ 100 ಕೆ.ಜಿ. ಹಿಂಡಿಯ ಸಾರಜನಕ ಎಂಟೂವರೆ ಕೆ.ಜಿ. ಯೂರಿಯಾಕ್ಕೆ ಸಮ. ಅದಲ್ಲದೆ ಮಣ್ಣು ಮೆತ್ತಗಾಗುತ್ತದೆ, ಗೆದ್ದಲು ಮತ್ತು ಬೇರಿಗೆ ಗಂಟು ತರುವ ಹುಳ ಕಡಿಮೆಯಾಗುತ್ತದೆ. ಟೊಮೇಟೊ, ಆಲೂಗಡ್ಡೆ, ಹಿಪ್ಪುನೇರಳೆ, ಹೂವಿನ ತೋಟ, ಎಲ್ಲಕ್ಕೂ ಒಳ್ಳೆಯದು. ಆದರೆ ದನಕ್ಕೆ ತಿನ್ನಿಸಬೇಡಿ. ಕಡಲೆಕಾಯಿ ಹಿಂಡಿಯ ಹಾಗಲ್ಲ ಇದು, ಕಹಿ ಮತ್ತು ವಿಷದ ಅಂಶ ಇದೆ.

ಗಿಡ ನೆಡಿ. ಹೊಂಗೆ ನೆಟ್ಟ ಮೇಲೆ ಕಾಯಿ ಬಿಡಲು ಐದರಿಂದ ಏಳು ವರ್ಷ ಬೇಕು. ಆದ್ದರಿಂದ ರಾಗಿ ಹೊಲ ಬಿಟ್ಟು ಹೊಂಗೆ ನೆಡಿ ಎಂದು ನಾವು ಹೇಳುವುದಿಲ್ಲ. ಬದುವಿನಲ್ಲಿ, ಕೊರಕಲಿನಲ್ಲಿ, ಬೀಳು ನೆಲದಲ್ಲಿ ನೆಡಿ. ಮಾಲೂರು ಕಡೆ ನೀಲಗಿರಿ ಕಿತ್ತ ನೆಲ ಖಾಲಿ ಇದ್ದರೆ ಅಲ್ಲಿ ನೆಡಿ. ನಿಮ್ಮ ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಮರ ಕಾಯಿ ಕೊಡುತ್ತದೆ. ಸಸಿ, ಸಲಹೆಗೆ ಅರಣ್ಯ ಇಲಾಖೆಯ ನರ್ಸರಿಯನ್ನೂ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು.

ಕರಿದ ಎಣ್ಣೆಯನ್ನೂ ನೆನಪಿಡಿ. ಸಂಘದಿಂದ ಬಜ್ಜಿ ಬೋಂಡ ಅಂಗಡಿ, ಚಕ್ಕುಲಿ ನಿಪ್ಪಟ್ಟು ಮಾಡುವವರು ಇದ್ದೀರಿ. ಮತ್ತೆ ಮತ್ತೆ ಕರಿದ ಎಣ್ಣೆ ಆರೋಗ್ಯಕ್ಕೆ ಕೆಟ್ಟದ್ದು. ಅದನ್ನು ಚರಂಡಿಗೂ ಚೆಲ್ಲಬಾರದು. ಅಂಥ ಎಣ್ಣೆಯನ್ನು ಕೂಡಿಸಿ ಬಯೋಡೀಸೆಲ್ ಮಾಡುವ ಕಾರ್ಯಕ್ರಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನದಂದು ಆರಂಭಿಸಿತು. ಪ್ರಾಧಿಕಾರದ ಒಪ್ಪಿಗೆ ಪಡೆದ ಖರೀದಿದಾರರು ನಿಮ್ಮ ಪಟ್ಟಣಕ್ಕೆ ಬರುತ್ತಾರೆಯೇ ವಿಚಾರಿಸಿ. ಅವರಿಗೆ ಮಾತ್ರ ಕೊಡಿ. ಇಲ್ಲದಿದ್ದರೆ ಅದೇ ಎಣ್ಣೆ ಬೇರೆ ಅಂಗಡಿಯ ಬಾಣಲೆಗೆ ಬರುತ್ತದೆ.

8. ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಕಾಯಿ ಬಿಡುವ ಹೊಂಗೆ ಮರ ಎಷ್ಟು? ಹೋದ ವರ್ಷ ಅದರ ಕಾಯಿ ಯಾರು ಆರಿಸಿದರು, ಯಾರಿಗೆ ಮಾರಿದರು, ಎಷ್ಟಕ್ಕೆ?
2. ಹೊಂಗೆ ಎಣ್ಣೆಗೂ ಬಯೋಡೀಸೆಲಿಗೂ ಏನು ವ್ಯತ್ಯಾಸ? ಸಭೆಗೆ ಬಾರದ ಒಬ್ಬರಿಗೆ ನೀವು ಹೇಗೆ ಹೇಳುತ್ತೀರಿ?
3. ಮನೆಯ ಗಾಡಿಗೆ ಯಾರಾದರೂ ಹಸಿ ಎಣ್ಣೆ ಅಥವಾ ರಸ್ತೆ ಬದಿಯ ಬಯೋಡೀಸೆಲ್ ಹಾಕಲು ಹೊರಟರೆ ನೀವು ಏನು ಕೇಳುತ್ತೀರಿ?
4. 600 ಕೆ.ಜಿ. ಲೆಕ್ಕವನ್ನು ನಿಮ್ಮ ಸಂಘದ ಸಂಖ್ಯೆ, ನಿಮ್ಮ ಊರಿನ ರೇಟು ಹಾಕಿ ಮತ್ತೆ ಮಾಡಿ. ಬೀಜ ಮಾರುವುದು ಲಾಭವೋ, ಅರೆಸುವುದು ಲಾಭವೋ?
5. ಒಕ್ಕೂಟದ ಮುಂದಿನ ಸಭೆಯಲ್ಲಿ ನಮ್ಮ ಪ್ರತಿನಿಧಿ ಈ ವಿಷಯ ಏನೆಂದು ಮಂಡಿಸಬೇಕು?

ಪ್ರಶ್ನೆ ಕೇಳಿದ ಆ ಅಕ್ಕನ ಊರಿಗೆ ನಾವು ಮತ್ತೆ ಹೋದೆವು. ಅವರ ಸಂಘ ಮಷೀನಿನ ಸಾಲಕ್ಕೆ ಅರ್ಜಿ ಹಾಕಿರಲಿಲ್ಲ. ಒಂದು ತಕ್ಕಡಿ ಕೊಂಡಿದ್ದರು. ಕೆರೆ ಕಟ್ಟೆಯ ಮರಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. "ಈ ಸಲ ಹಿಂಡಿ ನಮ್ಮ ಟೊಮೇಟೊಗೇ ಹಾಕ್ಕೊಂಡ್ವಿ ಮೇಡಂ, ಗೊಬ್ಬರದ ಅಂಗಡಿ ಸಾಲ ಅರ್ಧ ಇಳೀತು" ಎಂದರು.

ಗಾಡಿ ಓಡಿಸುವ ಎಣ್ಣೆ ನಮ್ಮ ಮರದಿಂದ ಬರುವ ದಿನವೂ ಬರಲಿ. ಆ ದಿನ ಬರುವವರೆಗೆ ಮರವೂ ನಮ್ಮದಾಗಿರಲಿ, ಲೆಕ್ಕವೂ ನಮ್ಮ ಕೈಯಲ್ಲೇ ಇರಲಿ.